ಜಾಲಿಹಾಳದಿಂದ ಮುದೇನೂರಿಗೆ ಏಳೂವರೆ ಸಾವಿರ ಕಿಲೋಮೀಟರು

ಬೆಂಗಳೂರಿನಿಂದ ಲಂಡನ್ನಿಗೆ ಎಷ್ಟು ದೂರ ಎಂದು ಬೆಂಗಳೂರಿನವರನ್ನು ಕೇಳಿದರೆ ನಲವತ್ತು ನಿಮಿಷ ಎನ್ನುತ್ತಿದ್ದರು. ಸರಿಯಾದ ಉತ್ತರ ಬೇಕಿದ್ದವರು ಜಾಲಿಹಾಳಕ್ಕೆ ಬರಬೇಕಿತ್ತು. ಅಲ್ಲಿ ಎಮ್ಮೆ ಮೇಯಿಸುವ ಮುದುಕಿಯೂ ಎಂಟು ಸಾವಿರ ಕಿಲೋಮೀಟರು ಎಂದು ಥಟ್ಟನೆ ಹೇಳುತ್ತಿದ್ದಳು. ಲಂಡನ್ನಿನಲ್ಲಿ ಇವತ್ತು ಮಂಜೋ ಬಿಸಿಲೋ, ಅಲ್ಲಿಂದ ಬರುವ ಎರಡನೆಯ ವಿಮಾನ ಎಷ್ಟು ತಡ, ಬೆಳಗಾದರೆ ಮಾನಪ್ಪನ ಚಹಾದಂಗಡಿಯಲ್ಲಿ ಇದೇ ಮಾತು. ಆ ಊರಿನಲ್ಲಿ ವಿಮಾನ ಹತ್ತಿದವನು ಒಬ್ಬನೂ ಇರಲಿಲ್ಲ. ಆದರೂ ಲಂಡನ್ನಿನಲ್ಲಿ ಮಂಜು ಮುಸುಕಿದರೆ ಜಾಲಿಹಾಳದ ಹಾಲು ಒಡೆಯುತ್ತಿತ್ತು.

ಎರಡು ವರ್ಷದ ಹಿಂದೆ ಕಂಪನಿಯ ಹುಡುಗನೊಬ್ಬ ಬಂದು ಪಂಚಾಯಿತಿ ಕಚೇರಿಯೊಳಗೆ ಜಮಖಾನ ಹಾಸಿಸಿ ಇದನ್ನೆಲ್ಲ ವಿವರಿಸಿದ್ದ. ಜಮಖಾನದ ನಡುವೆ ಒಂದು ಉಬ್ಬು ಎದ್ದಿತ್ತು. ಅವನು ಅದನ್ನು ಕಾಲಿನಿಂದ ಒತ್ತಿದ. ನಡುವೆ ಸಪಾಟಾಯಿತು, ಬಾಗಿಲ ಬಳಿ ಉಬ್ಬಿತು.

“ನೋಡಿ, ಉಬ್ಬು ಸಾಯಲ್ಲ. ಜಾಗ ಬದಲಾಯಿಸುತ್ತೆ ಅಷ್ಟೆ. ದೂರಾನೂ ಹಂಗೇ. ನಮ್ಮ ಯಂತ್ರ ಆಕಾಶದ ದಾರೀನ ಮಡಚುತ್ತೆ. ಎಂಟು ಸಾವಿರ ಕಿಲೋಮೀಟರಲ್ಲಿ ಐನೂರು ಉಳಿಸಿಕೊಂಡು, ಉಳಿದ ಏಳೂವರೆ ಸಾವಿರಾನ ನೆಲದ ಮೇಲೆ ಎಲ್ಲೋ ಒಂದು ಕಡೆ ಇಡಬೇಕು. ವಿಮಾನ ಇಳಿದ ತಕ್ಷಣ ವಾಪಸ್ಸು ತಗೊಂಡುಬಿಡ್ತೀವಿ.”

“ಹಂಗಾರ ಆ ಉಬ್ಬು ನಮ್ಮ ಬಾಗಲಾಗ ಯಾಕ್ರಿ? ನಿಮ್ಮ ಬೆಂಗಳೂರಾಗ ಬಾಗಲ ಇಲ್ಲೇನು?” ಎಂದು ಮಾನಪ್ಪ ಕೇಳಿದ. ಜನ ನಕ್ಕರು.

ಹುಡುಗ ನಗಲಿಲ್ಲ. ರಾಜ್ಯದಲ್ಲೆಲ್ಲ ಅತಿ ಕಡಿಮೆ ವಾಹನ ಓಡಾಡುವ ದಾರಿಗಳನ್ನು ಸರ್ಕಾರದ ದಾಖಲೆ ನೋಡಿಯೇ ಆರಿಸಿದ್ದೇವೆ ಎಂದ. ದುಬೈನ ದೂರ ಒಂದು ಜಿಲ್ಲೆಗೆ ಹೋಗಿದೆ, ಸಿಂಗಪುರದ್ದು ಇನ್ನೊಂದಕ್ಕೆ. ಲಂಡನ್ನಿನದು ಜಾಲಿಹಾಳ–ಮುದೇನೂರು ದಾರಿಗೆ ಬಂದಿದೆ. ದಿನಕ್ಕೆ ಹೋಗುವುದೊಂದು ಬರುವುದೊಂದು ವಿಮಾನ. “ರೈಲು ಗೇಟು ಬಿತ್ತು ಅಂದ್ಕೊಳ್ಳಿ, ನಲವತ್ತೇ ನಿಮಿಷ.”

ಆದೆಪ್ಪ ಎಲ್ಲರ ಹಿಂದೆ ನಿಂತಿದ್ದ. ಸರ್ಕಾರದ ಆ ದಾಖಲೆಯನ್ನು ಬರೆದವನು ಅವನೇ.

ಆಗ ಅವನು ರಸ್ತೆ ಗ್ಯಾಂಗಿನಲ್ಲಿ ಕೂಲಿಯಾಗಿದ್ದ. ಏಳನೆಯ ಇಯತ್ತೆಯವರೆಗೆ ಓದಿದ್ದನೆಂದು ಇಂಜಿನಿಯರ ಸಾಹೇಬರು ಅವನಿಗೆ ವಾಹನ ಗಣತಿಯ ಹಾಳೆಗಳನ್ನು ಕೊಟ್ಟು, ಊರ ಮುಂದಿನ ಚಪ್ಪರದಲ್ಲಿ ಏಳು ದಿನ ಕೂರಿಸಿದ್ದರು. ಬಸ್ಸಿಗೊಂದು ಗೀಟು, ಟಂಟಂ ಆಟೋಗೊಂದು ಗೀಟು, ಬೈಕಿಗೊಂದು ಗೀಟು. ನಾಲ್ಕು ನಿಂತ ಗೀಟು, ಅಡ್ಡಕ್ಕೊಂದು ಎಳೆದರೆ ಐದು. ಮೊದಲ ದಿನ ಇನ್ನೂರ ನಲವತ್ತು ಆಯಿತು. ಸಂಜೆ ಮಾನಪ್ಪನ ಅಂಗಡಿಯಲ್ಲಿ ಹಿರಿಯರು ಕೂಡಿದರು. ಗಣತಿ ಹೆಚ್ಚು ಬಂದ ಊರುಗಳಲ್ಲಿ ರಸ್ತೆ ಅಗಲ ಮಾಡುತ್ತಾರೆ, ಎರಡೂ ಕಡೆ ನಲವತ್ತು ಅಡಿ ಕೆಡವುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಲವತ್ತು ಅಡಿ ಎಂದರೆ ಮಾನಪ್ಪನ ಅಂಗಡಿ, ದರ್ಗಾದ ಗೋಡೆ, ಹನ್ನೆರಡು ಮನೆ. ಆ ಹನ್ನೆರಡರಲ್ಲಿ ಆದೆಪ್ಪನದೂ ಒಂದು.

“ಗೀಟು ಎಳೆಯೋದು ನಿನ್ನ ಕೈಯಾಗ ಐತಿ. ಸ್ವಲ್ಪ ಕೈ ಬಿಗಿ ಹಿಡಿ,” ಎಂದಿದ್ದರು. ಆದೆಪ್ಪ ದಿನಕ್ಕೆ ಮೂವತ್ತು ಬರೆದ. ಇಡೀ ಊರು ಅವನ ಬೆನ್ನು ತಟ್ಟಿತು. ರಸ್ತೆ ಅಗಲವಾಗಲಿಲ್ಲ, ಉದ್ದವಾಯಿತು.

ಜಾಲಿಹಾಳಕ್ಕೆ ಮೂರು ಕಡೆ ಆಣೆಕಟ್ಟಿನ ಹಿನ್ನೀರು, ಒಂದೇ ಕಡೆ ದಾರಿ. ಮುದೇನೂರಿಗೆ ಇಪ್ಪತ್ಮೂರು ಕಿಲೋಮೀಟರು, ನಡುವೆ ಬೇರೆ ಊರಿಲ್ಲ. ಊರು ಬಿಟ್ಟ ಕೂಡಲೇ ಕಂಪನಿಯವರು ಅಡ್ಡಗೋಲಿನ ಗೇಟು ಹಾಕಿ, ಪಕ್ಕದಲ್ಲಿ ತಗಡಿನ ಕೋಣೆ ಕಟ್ಟಿ, ಆದೆಪ್ಪನನ್ನೇ ಗೇಟ್‌ಮ್ಯಾನ್ ಮಾಡಿದರು. ಕೋಣೆಯಲ್ಲಿ ಬೆಂಗಳೂರಿನ ಕಂಟ್ರೋಲ್ ರೂಮಿಗೆ ನೇರ ಫೋನಿತ್ತು, ಗೋಡೆಯ ಮೇಲೊಂದು ಬಿಳಿ ಗುಂಡಿಯಿತ್ತು. ದಾರಿ ಖಾಲಿ ಇದೆ ಎಂದು ಖಾತ್ರಿಯಾದ ಮೇಲೆ ಅವನು ಆ ಗುಂಡಿ ಒತ್ತಬೇಕು. ಮುದೇನೂರ ತುದಿಯ ಗೇಟ್‌ಮ್ಯಾನ್ ಕೂಡ ಒತ್ತಬೇಕು. ಇಬ್ಬರೂ ಒತ್ತದೆ ವಿಮಾನ ಏಳುವಂತಿಲ್ಲ. ಕೋಣೆಯ ದೀಪ ಕೆಂಪಾದರೆ ಗೋಲು ಇಳಿಸುವುದು, ಹಸಿರಾದರೆ ಎತ್ತುವುದು.

ಮೊದಲ ಸಲ ದಾರಿ ಉಬ್ಬಿದಾಗ ಊರಿಗೆ ಊರೇ ಗೇಟಿನ ಬಳಿ ನಿಂತು ನೋಡಿತ್ತು. ಸದ್ದಿಲ್ಲ, ಗದ್ದಲವಿಲ್ಲ. ಒಂದನೆಯ ಕಿಲೋಮೀಟರಿನ ಕಲ್ಲು ಹಿಂದಕ್ಕೆ ಸರಿಯುತ್ತ ಚಿಕ್ಕದಾಗಿ ಕಣ್ಣಿಗೆ ಕಾಣದಾಯಿತು. ಗಿಡ ಗಿಡದಷ್ಟೇ ಇತ್ತು, ಕಲ್ಲು ಕಲ್ಲಿನಷ್ಟೇ ಇತ್ತು, ನಡುವಿನ ಖಾಲಿ ಜಾಗ ಮಾತ್ರ ಬೆಳೆಯಿತು. ಹಾಗೆ ಹೊಸದಾಗಿ ಹುಟ್ಟಿದ ನೆಲ ಬೂದಿ ಬಣ್ಣದ್ದು. ಅದರ ಮೇಲೆ ಹುಲ್ಲಿಲ್ಲ, ಒಂದು ಇರುವೆಯ ಗೂಡಿಲ್ಲ, ಯಾರೂ ನಡೆದ ಗುರುತಿಲ್ಲ. ನಲವತ್ತು ನಿಮಿಷದ ಮೇಲೆ ಕಲ್ಲು ಓಡಿ ಬಂದು ತನ್ನ ಜಾಗದಲ್ಲಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಆದೆಪ್ಪನ ಹೆಂಡತಿ ಹುಲಿಗೆಮ್ಮ ಮಾತ್ರ ಸೆರಗು ಬಾಯಿಗೆ ಹಿಡಿದು, “ಇದು ಒಳ್ಳೇದಲ್ಲ ಬಿಡ್ರಿ,” ಎಂದಳು.

ಆಗ ಅವಳಿಗೆ ಕಾಯಿಲೆ ಇರಲಿಲ್ಲ. ಮರುವರ್ಷ ಮುಖ ಊದಿತು, ಕಾಲು ಊದಿತು, ಎರಡೂ ಕಿಡ್ನಿ ಹೋಗಿವೆ ಎಂದರು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಮುದೇನೂರಿನ ಆಸ್ಪತ್ರೆಯಲ್ಲಿ ರಕ್ತ ತೊಳೆಸಬೇಕಾಯಿತು. ಅಲ್ಲಿ ಯಂತ್ರ ಇದ್ದದ್ದು ಎರಡೇ. ಅವಳ ಪಾಳಿ ಹನ್ನೊಂದು ಗಂಟೆಗೆ. ಒಂಬತ್ತೂವರೆಯೊಳಗೆ ಬಸ್ಸು ಜಾಲಿಹಾಳ ಬಿಟ್ಟರೆ ಹತ್ತೂ ಕಾಲಿಗೆ ಅಲ್ಲಿ.

ದಿನಕ್ಕೆರಡಿದ್ದ ವಿಮಾನ ನಾಲ್ಕಾದವು, ಎಂಟಾದವು, ಮಳೆಗಾಲ ಕಳೆಯುವಷ್ಟರಲ್ಲಿ ಹದಿನೆಂಟಾದವು. ಲಂಡನ್ನಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವುದು ಬೆಂಗಳೂರಿನಲ್ಲಿ ರೂಢಿಯಾಯಿತಂತೆ. ಜಾಲಿಹಾಳದಲ್ಲಿ ಹಗಲಿಗೆ ಎರಡೇ ಬಿಡುವು ಉಳಿದವು. ಬೆಳಿಗ್ಗೆ ಒಂಬತ್ತು ಇಪ್ಪತ್ತರಿಂದ ಹತ್ತು ಇಪ್ಪತ್ತು, ಸಂಜೆ ನಾಲ್ಕರಿಂದ ಐದು. ಎರಡು ಬಸ್ಸಿದ್ದದ್ದು ಒಂದಾಯಿತು. ಹಾಲಿನ ಗಾಡಿ ನಿಂತಿತು. ಮುದೇನೂರಿನ ಹೈಸ್ಕೂಲಿಗೆ ಹೋಗುತ್ತಿದ್ದವರು ಬಿಟ್ಟರು. ಅನುಕೂಲ ಇದ್ದವರು ಮನೆಗೆ ಬೀಗ ಹಾಕಿ ಮುದೇನೂರು ಸೇರಿದರು.

“ನೀನೂ ಅಲ್ಲೇ ಒಂದು ಖೋಲಿ ಹಿಡಕೊಂಡು ಇರು,” ಎಂದು ಆದೆಪ್ಪ ಹೆಂಡತಿಗೆ ಹೇಳಿದ.

“ಅಲ್ಲಿ ನನಗ ಯಾರದಾರ? ತಲಿ ತಿರುಗಿ ಬಿದ್ರ ನೀರು ಕೊಡಾಕ ಗ್ವಾಡಿ ಬರತೈತೇನು?”

“ನಾ ಬರ್ತೀನಿ ತಗಾ, ಈ ಗೇಟಿನ ಮನಿ ಹಾಳಾಗ್ಲಿ!”

“ನೀವು ಬಂದ್ರ ಆ ಗುಂಡಿ ಮ್ಯಾಲೆ ಯಾವನರೆ ಹೊರಗಿನವನ್ನ ಕುಂದ್ರಸ್ತಾರ. ನಮ್ಮ ಬಸ್ಸು ದಾರ‍್ಯಾಗ ಐತಿ ಅಂತ ಅವಂಗೇನು ಗೊತ್ತು? ನೀವು ಇಲ್ಲಿದ್ರ ನಾ ಧೈರ್ಯಲೆ ಬಸ್ ಹತ್ತತೀನ್ರಿ.”

ಆದೆಪ್ಪ ಖೋಲಿಯ ಮಾತು ಬಿಟ್ಟ. ಗುಂಡಿ ಅವನ ಕೈಯಲ್ಲಿತ್ತಲ್ಲ.

ಆದೆಪ್ಪ ಮುಂಗೋಪಿ. ಒಂದು ಸೋಮವಾರ ಬಿಡುವು ಮುಗಿಯುವ ಮುಂಚೆಯೇ ಗುಂಡಿ ಒತ್ತು ಎಂದು ಕಂಟ್ರೋಲ್ ರೂಮಿನವರು ಅವಸರ ಮಾಡಿದಾಗ, ಒತ್ತುವುದಿಲ್ಲ ಹೋಗ್ರಿ ಎಂದು ಫೋನು ಕುಕ್ಕಿ, ಮರುದಿನ ರಜೆ ಹಾಕಿ ಬೆಂಗಳೂರಿಗೇ ಹೋದ. ಕಂಟ್ರೋಲ್ ರೂಮಿನ ಗೋಡೆಯ ತುಂಬ ಭೂಪಟವಿತ್ತು. ಬೆಂಗಳೂರಿಗೂ ಲಂಡನ್ನಿಗೂ ನಡುವೆ ಒಂದು ಮೊಳದ ಗೆರೆ. ಜಾಲಿಹಾಳದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ. ಪಾಳಿಯ ಇಂಜಿನಿಯರು ಶ್ರೀಲತಾ ಎಂಬ ಮೂವತ್ತರ ಹೆಂಗಸು. ತುಮಕೂರು ಕಡೆಯವಳು. ಕುರ್ಚಿ ಕೊಟ್ಟು, ನೀರು ಕೊಟ್ಟು, ಅವನು ಕೂಗಾಡಿ ಮುಗಿಸುವವರೆಗೆ ಕಾದಳು.

“ನೋಡಿ ಆದೆಪ್ಪನವರೇ, ನಾನು ಮೇಲಿನವರಿಗೆ ಬರೀಬೋದು. ಆದರೆ ಅವರು ಕೇಳೋದು ಒಂದೇ, ಆ ದಾರೀಲಿ ಎಷ್ಟು ಜನ ಓಡಾಡ್ತಾರೆ ಅಂತ. ದಾಖಲೇಲಿ ದಿನಕ್ಕೆ ಮೂವತ್ತು ವಾಹನ ಅಂತಿದೆ.”

ಹಾಳೆಯನ್ನು ಪರದೆಯ ಮೇಲೆ ತೋರಿಸಿದಳು. ಅವನದೇ ಗೀಟುಗಳು. ನಿಂತವು ನಾಲ್ಕು, ಅಡ್ಡ ಒಂದು.

“ಅದು ಸುಳ್ಳುರೀ! ನಾನಽ ಬರದದ್ದು. ಇನ್ನೂರ ನಲವತ್ತು ಇದ್ವು. ಮನಿ ಕೆಡವ್ತಾರಂತ ಹೆದರಿ ಬರದೆ. ಬೇಕಾರ ಜೈಲಿಗೆ ಹಾಕ್ರಿ. ಮತ್ತೊಮ್ಮೆ ಎಣಸ್ರಿ, ನಿಮ್ಮ ಮಂದೀನ್ನ ಕೂಡ್ರಿಸಿ ಎಣಸ್ರಿ!”

ಶ್ರೀಲತಾ ಅವನ ಮುಖವನ್ನೇ ನೋಡಿದಳು. “ಬೇಡ ಅನ್ಸುತ್ತೆ ನನಗೆ. ಈಗಿರೋದು ಹಂಗೇ ಇರ್ಲಿ,” ಎಂದು ಮೆಲ್ಲಗೆ ಹೇಳಿದಳು. ಯಾಕೆ ಬೇಡ ಎನ್ನುತ್ತಿದ್ದಾಳೆಂದು ಕೇಳುವ ತಾಳ್ಮೆ ಅವನಿಗಿರಲಿಲ್ಲ. ಮೇಜು ಗುದ್ದಿದ. ಮರುಗಣತಿ ಆಗಲೇಬೇಕು ಎಂದು ಅರ್ಜಿ ಬರೆದು ಸಹಿ ಹಾಕಿಯೇ ಎದ್ದ.

ಮರುಗಣತಿ ಆಯಿತು. ಬೆಂಗಳೂರಿನಿಂದ ಬಂದ ಇಬ್ಬರು ಅದೇ ಜಾಗದಲ್ಲಿ ಚಪ್ಪರ ಹಾಕಿ ಏಳು ದಿನ ಕೂತರು. ಆದೆಪ್ಪ ಗೇಟಿನಿಂದ ಅವರನ್ನು ನೋಡುತ್ತಿದ್ದ. ಮೊದಲ ಮಧ್ಯಾಹ್ನ ಅವರು ಇಸ್ಪೀಟು ತೆಗೆದರು. ಎರಡನೆಯ ದಿನ ಒಬ್ಬ ಮಲಗಿದ. ಮೂರನೆಯ ದಿನ ಆದೆಪ್ಪನಿಗೆ ಗೊತ್ತಾಯಿತು. ಅವರು ಎಣಿಸುತ್ತಿಲ್ಲ ಎಂದಲ್ಲ, ಎಣಿಸಲು ಏನೂ ಇರಲಿಲ್ಲ. ಮನೆ ಮನೆಗೆ ಹೋಗಿ, “ಸುಮ್ನ ಆದ್ರೂ ಎರಡು ಸರತಿ ಗಾಡಿ ಓಡಸ್ರಪಾ,” ಎಂದು ಬೇಡಿಕೊಂಡ. ಬೈಕು ಇದ್ದವರೆಲ್ಲ ಮುದೇನೂರಿನಲ್ಲಿದ್ದರು. ಹೋಗಿಬರುವ ಬಿಡುವಾದರೂ ಎಲ್ಲಿತ್ತು?

ಗಣತಿ ದಿನಕ್ಕೆ ಹನ್ನೊಂದು ಬಂತು. ಅವನ ಸುಳ್ಳಿಗಿಂತ ಹತ್ತೊಂಬತ್ತು ಕಡಿಮೆ.

ಹದಿನೈದು ದಿನದಲ್ಲಿ ಕಂಪನಿಯ ಮೆಕ್ಯಾನಿಕ್ ಬಂದ. ದಿನಕ್ಕೆ ಹನ್ನೊಂದು ವಾಹನದ ದಾರಿಗೆ ಗುಂಡಿಯ ಅಗತ್ಯವಿಲ್ಲವೆಂದು ಆದೇಶವಾಗಿತ್ತು. ಇನ್ನು ಮೇಲೆ ಕಂಪ್ಯೂಟರು ತಾನೇ ಅಂದಾಜು ಮಾಡಿ ದಾರಿ ಖಾಲಿಯೆಂದು ತೀರ್ಮಾನಿಸುತ್ತದೆ. ಅವನು ಮೂರು ಸ್ಕ್ರೂ ಬಿಚ್ಚಿ, ಗುಂಡಿಯನ್ನು ಚೀಲಕ್ಕೆ ಹಾಕಿಕೊಂಡು, ಗೋಡೆಯ ತೂತಿಗೆ ಒಂದು ತುಂಡು ಟೇಪು ಅಂಟಿಸಿ ಹೋದ. ಇದನ್ನು ಹೆಂಡತಿಗೆ ಹೇಗೆ ಹೇಳುವುದೆಂದು ಆದೆಪ್ಪ ಇಡೀ ಸಂಜೆ ಅಂಗಳದಲ್ಲಿ ಕೂತ. ಕೊನೆಗೆ ಅವಳೇ ರೊಟ್ಟಿ ಬಡಿಯುತ್ತ ಒಳಗಿನಿಂದ ಕೇಳಿದಳು.

“ಗುಂಡಿ ಕಿತ್ಗೊಂಡು ಹೋದ್ರಂತ?”

“ಹೂಂ.”

“ಹೋಗ್ಲಿ ಬಿಡ್ರಿ. ನೀವರೆ ಏನು ಮಾಡ್ತೀರಿ? ಊಟಕ್ಕ ಬರ್ರಿ, ರೊಟ್ಟಿ ಆರತಾವ.”

ಅವಳು ಎರಡು ಮಾತು ಬೈದಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಇದಾಗಿ ತಿಂಗಳಿರಬಹುದು. ಆ ವಾರ ಸೋಮವಾರದ ಬಿಡುವನ್ನು ಕಂಪನಿ ನುಂಗಿ ಹಾಕಿತ್ತು. ಹುಲಿಗೆಮ್ಮನ ಪಾಳಿ ತಪ್ಪಿತು. ಬುಧವಾರದ ಹೊತ್ತಿಗೆ ಅವಳಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ಬೆಳಗು ಮಾಡಿದಳು. ಗುರುವಾರ ಒಂಬತ್ತು ಇಪ್ಪತ್ತಕ್ಕೆ ಸರಿಯಾಗಿ ದೀಪ ಹಸಿರಾಯಿತು. ಬಸ್ಸು ನಡೆಸುವ ಖಾಜಾ ಅವಳನ್ನು ತನ್ನ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡ. ಊರಿನವನೇ, ಆದೆಪ್ಪನನ್ನು ಕಾಕಾ ಎನ್ನುತ್ತಿದ್ದ. ಬಸ್ಸಿನಲ್ಲಿ ಒಟ್ಟು ಹದಿನಾಲ್ಕು ಜನ.

“ಕಾಕಾ, ಕಾಕೀನ್ನ ಹೂವಿನಂಗ ಇಳಿಸ್ತೀನಿ, ನೀ ಗೇಟು ಎತ್ತು,” ಎಂದ ಖಾಜಾ.

“ಹೂವಿನಂಗ ಬ್ಯಾಡ, ಲಗೂನ ಇಳಿಸು ಸಾಕು,” ಎಂದಳು ಹುಲಿಗೆಮ್ಮ. ನಗಲು ಹೋಗಿ ಕೆಮ್ಮಿದಳು.

ಒಂಬತ್ತು ಇಪ್ಪತ್ತೈದಕ್ಕೆ ಬಸ್ಸು ಹೊರಟಿತು. ಒಂಬತ್ತು ನಲವತ್ತೈದಕ್ಕೆ ದೀಪ ಕೆಂಪಾಯಿತು.

ಆದೆಪ್ಪ ಗಡಿಯಾರ ನೋಡಿದ, ದೀಪ ನೋಡಿದ. ದೀಪ ಕೆಟ್ಟಿದೆ ಎಂದುಕೊಂಡು ಹೊರಗೆ ಓಡಿ ಬಂದ. ಒಂದನೆಯ ಕಲ್ಲು ಕಾಣೆಯಾಗಿತ್ತು.

ಫೋನೆತ್ತಿದ. ಶ್ರೀಲತಾಳೇ ಇದ್ದಳು.

“ಮೇಡಂ, ಬಿಡುವಿನಾಗ ಕೆಂಪ್ಯಾಕ ಹಾಕೀರಿ? ಬಸ್ಸು ದಾರ‍್ಯಾಗ ಐತಿ! ನನ್ನ ಹೇಣ್ತಿ ಅದಾಳ ಅದರಾಗ!”

“ಲಂಡನ್ನಲ್ಲಿ ಮಂಜು ಬರುತ್ತೆ ಅಂತ ಎರಡು ವಿಮಾನಾನ ಮುಂಚೆಯೇ ಕಳಿಸಿದ್ರು. ಕಂಪ್ಯೂಟರು ದಾರಿ ಖಾಲಿ ಅಂತು. ನಲವತ್ತು ನಿಮಿಷ ತಡ್ಕೊಳ್ಳಿ ಆದೆಪ್ಪನವರೇ, ಇಳಿದ ತಕ್ಷಣ ತೆಗೆಸ್ತೀನಿ.”

ನಲವತ್ತು ನಿಮಿಷ ಕಳೆದರೂ ವಿಮಾನ ಇಳಿಯಲಿಲ್ಲ. ಮಂಜು ಅಂದಾಜಿಗಿಂತ ಮೊದಲೇ ಬಂದಿತ್ತು. ಎರಡೂ ವಿಮಾನ ಲಂಡನ್ನಿನ ಈಚೆ, ಮಡಿಕೆಯೊಳಗೇ ಸುತ್ತು ಹಾಕುತ್ತಿದ್ದವು. ಆದೆಪ್ಪ ಐದೈದು ನಿಮಿಷಕ್ಕೆ ಫೋನು ಮಾಡಿದ. ಮಡಿಕೆ ಬಿಚ್ಚಿರಿ ಎಂದ. ಬಿಚ್ಚಿದರೆ ಆ ವಿಮಾನಗಳು ಸಾವಿರಾರು ಕಿಲೋಮೀಟರು ಆಚೆ ಸಮುದ್ರದ ಮೇಲೆ ಬೀಳುತ್ತವೆ, ಅವುಗಳಲ್ಲಿ ಐನೂರ ಅರವತ್ತು ಜನ ಇದ್ದಾರೆ ಎಂದಳು. ಹಿಂದಕ್ಕೆ ತಿರುಗಿಸಿರಿ ಎಂದ. ಸುತ್ತಿ ಸುತ್ತಿ ಇಂಧನ ಸಾಲದಾಗಿದೆ ಎಂದಳು. ಹೆಲಿಕಾಪ್ಟರ್ ಕಳಿಸಿರಿ ಎಂದ. ಅದಕ್ಕೂ ಅಷ್ಟೇ ದೂರ ಎಂದಳು. ಸುಳ್ಳು ಹೇಳುತ್ತಿದ್ದರೆ ಬೈಯಬಹುದಿತ್ತು. ಅವಳು ಹೇಳಿದ್ದೆಲ್ಲ ನಿಜವಾಗಿತ್ತು.

ಹೆಂಡತಿಯ ಮೊಬೈಲಿಗೆ ಹಚ್ಚಿದ. ಟವರಿಗೂ ಬಸ್ಸಿಗೂ ನಡುವೆ ಮೂರು ಸಾವಿರ ಕಿಲೋಮೀಟರು ಬಿದ್ದಿತ್ತು. ಮಾನಪ್ಪ, ದರ್ಗಾದ ಮುಲ್ಲಾ, ಉಳಿದಿದ್ದ ಹತ್ತಿಪ್ಪತ್ತು ಜನ ಗೇಟಿನ ಬಳಿ ಬಂದು ನಿಂತರು. ಬಿಸಿಲು ಏರಿತು. ಒಬ್ಬ ಮುದುಕ ಮೊಬೈಲಿನಲ್ಲಿ ಲಂಡನ್ನಿನ ಹವಾಮಾನ ನೋಡುತ್ತ, “ಗಾಳಿ ತಿರುಗಾಕತ್ತೈತಿ, ಈಗ ಹರೀತೈತಿ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಹನ್ನೊಂದು ಮೂವತ್ತೈದಕ್ಕೆ ದೀಪ ಹಸಿರಾಯಿತು, ಜೊತೆಗೇ ಫೋನು ಹೊಡೆದುಕೊಂಡಿತು.

“ಆದೆಪ್ಪನವರೇ, ಹತ್ತು ನಿಮಿಷ. ಹತ್ತೇ ನಿಮಿಷ,” ಶ್ರೀಲತಾ ಪಿಸುಗುಟ್ಟುತ್ತಿದ್ದಳು. “ಮಂಜು ಸ್ವಲ್ಪ ಹರಿದಿದೆ. ಇಲ್ಲಿ ಮೂರು ವಿಮಾನ ಕಾಯ್ತಿವೆ, ಈಗಲೇ ಕಳಿಸಿ ಅಂತ ತಲೆ ಮೇಲೆ ಕೂತಿದ್ದಾರೆ. ದಾರೀಲಿ ಬಸ್ಸಿದೆ ಅಂದೆ. ಕಂಪ್ಯೂಟರಲ್ಲಿ ತೋರ್ಸು ಅಂತಾರೆ. ತೋರ್ಸೋಕೆ ಗುಂಡೀನೇ ಇಲ್ಲವಲ್ಲ. ಏನೇನೋ ನೆಪ ಹೇಳಿ ಹತ್ತು ನಿಮಿಷ ಹಿಡಿದಿದ್ದೀನಿ. ಓಡಿಸೋಕೆ ಹೇಳಿ.”

ಆದೆಪ್ಪ ಮೊಬೈಲು ಹಚ್ಚಿದ. ಮೂರ್ನಾಲ್ಕು ಸಲ ಹಚ್ಚಿದ ಮೇಲೆ ಹುಲಿಗೆಮ್ಮ ಎತ್ತಿದಳು. ಹಿಂದೆ ಬಸ್ಸಿನ ಎಂಜಿನ್ನು ಕಿರುಚುತ್ತಿತ್ತು.

“ಎಲ್ಲಿದ್ದೀರಿ?”

“ಹತ್ತನೇ ಕಲ್ಲು... ಈಗ ದಾಟಿದ್ವಿ. ಖಾಜಾ ಭಾಳ ಜೋರು ಹೊಡ್ಯಾಕತ್ಯಾನ. ಬೈರಿ ಅವಂಗ.”

“ಹೊಡೀಲಿ! ಇನ್ನೂ ಜೋರು ಹೊಡಿ ಅನ್ನು! ಹತ್ತು ನಿಮಿಷ ಐತಿ ಅಷ್ಟ. ಉಸಿರು ಹ್ಯಾಂಗೈತಿ?”

“ಐತಿ.” ಸ್ವಲ್ಪ ಹೊತ್ತು ಬರೀ ಏದುಸಿರು ಕೇಳಿಸಿತು. “ಏನ್ರೀ... ಎಮ್ಮಿಗೆ ನೀರು ಇಟ್ರೇನು?”

“ಎಮ್ಮಿ ಸುಡುಗಾಡಿಗೆ ಹೋಗ್ಲಿ!”

“ಹಂಗನಬ್ಯಾಡ್ರಿ. ಮೂಕ ಜೀವ.” ಮತ್ತೆ ಏದುಸಿರು. “ಬಯಲು ಅಂದ್ರ ಎಂಥಾ ಬಯಲು ಅಂತೀರಿ. ಒಂದು ಹಕ್ಕಿ ಇಲ್ಲ. ಎಲ್ಲಾರೂ ಬಸ್ಸಿನ ನೆಳ್ಳಿಗೆ ಕುಂತಿದ್ವಿ. ದ್ಯಾವ್ರು ಇದನ್ನ ಮಾಡಿಲ್ಲ ನೋಡ್ರಿ, ಮಾಡಿದ್ರ ಒಂದು ಜಾಲಿ ಗಿಡ ಆದ್ರೂ ಇಡ್ತಿದ್ದ.”

ಗಣತಿ ಬರೆದವನು ನಾನು, ಮರುಗಣತಿ ಮಾಡಿಸಿದವನೂ ನಾನು, ಗುಂಡಿ ಹೋದದ್ದು ನನ್ನ ಸಿಟ್ಟಿನಿಂದ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ತಪ್ಪಾಯಿತು ಎಂದು ಅವಳಿಗೆ ಹೇಳಿದವನಲ್ಲ, ಹೇಗೆ ಶುರು ಮಾಡುವುದೋ ಗೊತ್ತಾಗಲಿಲ್ಲ.

“ಹುಲಿಗೀ,” ಎಂದ.

“ಹಾಂ?”

“ಕಿಟಕಿ ತಕ್ಕೊಂಡು ಕುಂದ್ರು. ಗಾಳಿ ಆಡ್ಲಿ.”

“ಹೂಂ, ತಗದೀನಿ. ನೀವು ಬಿಸಲಾಗ ನಿಂದ್ರಬ್ಯಾಡ್ರಿ, ಒಳಗ ಹೋಗಿ—”

ದೀಪ ಕೆಂಪಾಯಿತು. ಫೋನು ಸುಮ್ಮನಾಯಿತು. ಯಾರೂ ಹೇಳದೆ ಆದೆಪ್ಪನ ಕೈ ಗೋಲನ್ನು ಇಳಿಸಿತ್ತು.

ಮೂರು ವಿಮಾನ ಮಡಿಕೆಯೊಳಗೆ ಹೊಕ್ಕ ಮೇಲೆ ಲಂಡನ್ನಿನಲ್ಲಿ ಮಂಜು ಮತ್ತೆ ಕವಿಯಿತು. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಶ್ರೀಲತಾ ಮೊದಮೊದಲು ಸಮಾಧಾನ ಹೇಳುತ್ತಿದ್ದಳು. ಆಮೇಲೆ ಅವನ ಫೋನು ಹೋದಾಗಲೆಲ್ಲ ಎತ್ತಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಒಮ್ಮೆ ಅವನು, “ನೀವು ಅವತ್ತು ಗಣತಿ ಬ್ಯಾಡ ಅಂದಿದ್ರಿ,” ಎಂದ. ಅವಳು, “ನಾನು ಬಿಡಿಸಿ ಹೇಳಬೇಕಿತ್ತು,” ಎಂದಳು. ಎರಡೂ ಮಾತಿನಿಂದ ಆಗುವಂಥದ್ದು ಏನೂ ಇರಲಿಲ್ಲ.

ಮೂರು ನಲವತ್ತಕ್ಕೆ ಹಸಿರಾಯಿತು. ಆದೆಪ್ಪ ಹೆಂಡತಿಯ ಮೊಬೈಲಿಗೆ ಹಚ್ಚಿದ. ಎತ್ತಿದವನು ಖಾಜಾ. ಬಸ್ಸು ಓಡುತ್ತಿರಲಿಲ್ಲ.

“ಕಾಕಾ,” ಎಂದು ಖಾಜಾ ಅತ್ತ. “ಹದಿನೈದನೇ ಕಲ್ಲಿನ ತನಕ ಬಂದಿದ್ದೆ ಕಾಕಾ. ಕೆಂಪಾತು. ಉಬ್ಬಿದಾಗ ನಿಂತಬಿಡಬೇಕು ಅಂತ ಗೊತ್ತಿತ್ತು. ಕಾಕಿ ಒದ್ದಾಡೋದು ನೋಡಾಕ ಆಗ್ಲಿಲ್ಲ. ಎಂಟು ಕಿಲೋಮೀಟರು ಉಳದೈತಿ ಅಂತ ಹೊಡದೆ. ನೂರಾ ಎಪ್ಪತ್ತು ಕಿಲೋಮೀಟರು ಹೊಡದೆ ಕಾಕಾ, ಮೀಟರ್ ನೋಡೀನಿ. ಈಗ ಹಸಿರಾದ ಮ್ಯಾಲೆ ತಿರುಗಿ ನೋಡಿದ್ರ ಹದಿನೈದನೇ ಕಲ್ಲು ಹಿಂದಽ ಕಾಣಾಕತ್ತೈತಿ. ಅರ್ಧ ಕಿಲೋಮೀಟರು ಸರಿದಿಲ್ಲ.”

“ಅಕಿಗೆ ಕೊಡು.”

“ನೂರಾ ಹತ್ತು ಕಿಲೋಮೀಟರು ಆದಾಗ, ಇಳಸಪಾ, ನೆಲದ ಮ್ಯಾಲೆ ಕುಂದ್ರತೀನಿ ಅಂದ್ಲು. ಕಂಬಳಿ ಹಾಸಿ ಇಳಿಸಿದ್ವಿ. ಅಲ್ಲೇ ಆತು ಕಾಕಾ. ಮತ್ತ ಎತ್ತಿ ಮಲಗಿಸಿಕೊಂಡು ಹೊಡದೆ. ಸುಮ್ನ ಹೊಡದೆ.”

ಅವಳ ದೇಹ ಆ ಸಂಜೆಯ ಬಿಡುವಿನಲ್ಲಿ ಊರಿಗೆ ಬಂತು. ಕತ್ತಲಾಗುವುದರೊಳಗೆ ಮಣ್ಣು ಮಾಡಿದರು. ಕಂಪನಿಯಿಂದ ಬಂದ ಕಾಗದದಲ್ಲಿ ವಿಷಾದ ಇತ್ತು, ಮರಣ ಹೊಂದಿದ ಸ್ಥಳ ಎಂಬ ಖಾಲಿ ಜಾಗವೂ ಇತ್ತು. ಆದೆಪ್ಪ ಅದನ್ನು ಮಡಚಿ ಇಟ್ಟ.

ಜಾಲಿಹಾಳದಲ್ಲಿ ಒಂದು ಪದ್ಧತಿಯಿದೆ. ಮೂರನೆಯ ದಿನ, ಜೀವ ಹೋದ ಜಾಗದಲ್ಲಿಯೇ ಒಂದು ದೀಪ ಹಚ್ಚಬೇಕು. ಮನೆಯಲ್ಲಿ ಸತ್ತರೆ ಮನೆಯಲ್ಲಿ, ಹೊಲದಲ್ಲಿ ಸತ್ತರೆ ಹೊಲದಲ್ಲಿ. ಹಚ್ಚದಿದ್ದರೆ ಜೀವಕ್ಕೆ ದಾರಿ ಕಾಣುವುದಿಲ್ಲ ಎಂದು ಓಣಿಯ ಹಿರಿಯ ಹೆಂಗಸರು ಹಣತೆ, ಎಣ್ಣೆ, ಬತ್ತಿ ಕಟ್ಟಿಕೊಟ್ಟರು. ಒಂಬತ್ತು ಇಪ್ಪತ್ತಕ್ಕೆ ಹಸಿರಾಗುತ್ತಲೇ ಆದೆಪ್ಪ ಖಾಜಾನ ಬೈಕಿನ ಹಿಂದೆ ಕೂತು ಹೊರಟ.

ಹದಿನೈದನೆಯ ಕಲ್ಲು ದಾಟಿ ಮುನ್ನೂರು ಮೀಟರಿನ ಆಸುಪಾಸಿನಲ್ಲಿ ಖಾಜಾ ಬೈಕು ನಿಲ್ಲಿಸಿದ. ಆ ಕಡೆ ಈ ಕಡೆ ನಡೆದ. ಇಲ್ಲಿ ಬೇವಿನ ಗಿಡವಿತ್ತು, ಅಲ್ಲಿ ಮುರಿದ ಸಣ್ಣ ಸೇತುವೆ. ಎರಡರ ನಡುವೆ ನಾಲ್ಕು ಮಾರು ನೆಲ.

“ಗಿಡ ಹಿಂದ ಬಿಟ್ಟಿದ್ದೆ, ಸೇತುವೆ ಇನ್ನೂ ಸಿಕ್ಕಿರಲಿಲ್ಲ,” ಎಂದ ಖಾಜಾ. “ಇವೆರಡರ ನಡುವನ ಕಾಕಾ. ತಲಿ ಕಡೆ ಮೂರು ಬಿಸ್ಕೀಟಿನ ಡಬ್ಬಿ, ನೀರಿನ ಬಾಟಲಿ ಎಲ್ಲ ಅಲ್ಲೇ ಬಿಟ್ಟು ಬಂದೀವಿ. ಕಂಬಳೀನೂ ಅಲ್ಲೇ ಐತಿ. ನಾವು, ಬಸ್ಸು ಈಚೆ ಬಂದ್ವಿ, ಆ ನೆಲದ ಮ್ಯಾಲೆ ಬಿಟ್ಟದ್ದು ನೆಲದ ಕೂಡ ಮಡಚಿಕೊಂಡು ಹೋತು. ಆದ್ರ ಆ ಜಾಗ ಇದಲ್ಲ.”

ಆದೆಪ್ಪ ಕುಕ್ಕರಗಾಲಿನಲ್ಲಿ ಕೂತು ನೋಡಿದ. ಕೆಂಪು ಮಣ್ಣು. ಗರಿಕೆ. ಇರುವೆಗಳು ಸಾಲಾಗಿ ಹೋಗುತ್ತಿದ್ದವು. ಅಂಗೈಯಿಂದ ಮಣ್ಣು ಸವರಿದ. ಕಂಬಳಿಯಿಲ್ಲ, ಡಬ್ಬಿಯಿಲ್ಲ, ಬೂದಿ ಬಣ್ಣದ ಒಂದು ಹರಳೂ ಇಲ್ಲ.

“ಇಲ್ಲೇ ಹಚ್ಚಿಬಿಡು ಕಾಕಾ. ದ್ಯಾವ್ರಿಗೆ ತಿಳೀತೈತಿ.”

“ಅಕಿ ಇಲ್ಲಿ ಸತ್ತಿಲ್ಲಲೇ,” ಎಂದ ಆದೆಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಖಾಜಾನಿಗೆ ಅನಿಸಿತು.

“ಹಂಗಾರ ಕೆಂಪಾಗೋ ತನಕ ಇಲ್ಲೇ ನಿಂದ್ರೂಣು. ಉಬ್ಬಿದ ಮ್ಯಾಲೆ ಹುಡುಕಿಕೊಂಡು ಹೋಗೂಣು. ನಾ ಬರ್ತೀನಿ.”

ಆದೆಪ್ಪ ಆ ಹುಡುಗನ ಮುಖ ನೋಡಿದ. ನಿದ್ದೆಯಿಲ್ಲದೆ ಕಣ್ಣು ಒಳಗೆ ಹೋಗಿದ್ದವು. ಬೈಕಿನಲ್ಲಿ ಎರಡು ಲೀಟರು ಪೆಟ್ರೋಲು. ಉಬ್ಬಿದರೆ ಈ ನಾಲ್ಕು ಮಾರೇ ಎರಡು ಕಿಲೋಮೀಟರಿಗೂ ಮೇಲೆ. ಲಂಡನ್ನಿನಲ್ಲಿ ಮತ್ತೆ ಮಂಜು ಬಿದ್ದರೆ ಈ ಹುಡುಗನೂ ನೀರಿಲ್ಲದ ಆ ಬಯಲಿನಲ್ಲೇ ಸಿಕ್ಕಿಬೀಳುತ್ತಾನೆ. ಗೇಟು ತೆರೆದೇ ಇದ್ದರೆ ಊರಿನವರು ಯಾರಾದರೂ ಕೆಂಪಿನೊಳಗೆ ನುಗ್ಗಿಬಿಡುತ್ತಾರೆ.

“ನಡಿ, ಹತ್ತು ಆತು,” ಎಂದ.

ಹತ್ತು ಹದಿನೇಳಕ್ಕೆ ಗೇಟಿಗೆ ಬಂದರು. ಆದೆಪ್ಪ ಖಾಜಾನನ್ನು ಮನೆಗೆ ಕಳಿಸಿದ. ಹಣತೆಯ ಗಂಟು ಅವನ ಕೈಯಲ್ಲೇ ಇತ್ತು, ಎಣ್ಣೆ ಸೋರಿ ಬಟ್ಟೆ ಒದ್ದೆಯಾಗಿತ್ತು. ಹತ್ತು ಇಪ್ಪತ್ತಕ್ಕೆ ಸರಿಯಾಗಿ ದೀಪ ಕೆಂಪಾಯಿತು. ಅವನು ಗೋಲು ಇಳಿಸಿದ. ಒಂದನೆಯ ಕಲ್ಲು ಸರಿಯಿತು, ಗಿಡಗಳು ಸರಿದವು, ಬಯಲು ಒಂದೇ ಸಮನೆ ಬೆಳೆಯಿತು. ಈಗ ಆ ಬಯಲಿನಲ್ಲಿ ಎಲ್ಲೋ ಒಂದು ಕಡೆ ಕಂಬಳಿ ಹಾಸಿತ್ತು, ಅವಳು ಕೂತಿದ್ದ ನೆಲವಿತ್ತು. ಇನ್ನು ನಲವತ್ತು ನಿಮಿಷ ಅದು ಇರುತ್ತಿತ್ತು. ಆದೆಪ್ಪ ಗೇಟಿನ ಈಚೆ ನಿಂತಿದ್ದ.